ಶಿಪಶಂಕ್ ಹೆಸರಿನ ಏಳನೆಯ ಮನೆ

೩ ಫೆಬ್ರವರಿ ೧೯೪೯, ಗುರುವಾರ. ಭಾಲ್ಕಿ

ಭಾತಂಬ್ರಾದ ಧನಗರವಾಡಿಯಲ್ಲಿ ಆರು ಕುರಿಗಾರರ ಮನೆಗಳು ಇಂದಿಗೂ ಒಬ್ಬ ಇಂಗ್ಲಿಷ್ ಸಾಹೇಬನ ಅಡ್ಡಹೆಸರನ್ನು ಹೊತ್ತುಕೊಂಡಿವೆ. ಇದು ಅನ್ಯಾಯ. ಇದನ್ನು ಯಾರೂ ಅನ್ಯಾಯವೆಂದು ತಿಳಿಯದಿರುವುದು ಇನ್ನೂ ದೊಡ್ಡ ಅನ್ಯಾಯ.

ಇಂಗ್ಲಿಷರು ದೇಶ ಬಿಟ್ಟು ಹೋದರು. ಹೋದ ಸಪ್ಟೆಂಬರಿನಲ್ಲಿ ಭಾರತದ ಫೌಜು ಬಂದು ನಿಜಾಮನ ಆಳ್ವಿಕೆಯೂ ಮುಗಿಯಿತು. ನಿಜಾಮನಿಗಾಗಿ ಊರು ಸುಲಿದ ರಜಾಕಾರರು ಜೈಲಿನಲ್ಲಿದ್ದಾರೆ. ಶೀಪ್‌ಶ್ಯಾಂಕ್ಸ್ ಸಾಹೇಬ ಮಾತ್ರ ಧನಗರವಾಡಿಯಲ್ಲಿ ಆರಾಮವಾಗಿ ಕುಳಿತಿದ್ದಾನೆ. ಜನರ ಬಾಯಲ್ಲಿ ಅದು 'ಶಿಪಶಂಕ್'. ಧೊಂಡಿಬಾ ಶಿಪಶಂಕ್! ಹೀರಾಬಾಯಿ ಶಿಪಶಂಕ್! ಕೇಳಿದರೆ ರಕ್ತ ಕುದಿಯುತ್ತದೆ.

ನಾನು ನನ್ನ 'ಬಿರಾದಾರ'ವನ್ನು ದೀಪಾವಳಿಯಂದೇ ತ್ಯಜಿಸಿದ್ದೇನೆ. ಅದು ಜಹಗೀರುಶಾಹಿಯ ಬಾಲ. ಈಗ ನಾನು ಬರೇ ಹಾವಗೆಪ್ಪ. ಅವ್ವ ಕೇಳಿದಳು: "ಅಡ್ಡೆಸರು ಬಿಟ್ಟಿ, ಹೊಲಾನೂ ಬಿಟ್ಟಿಯೇನೋ?" ಹೊಲದ ಪ್ರಶ್ನೆ ಬೇರೆ, ಅದು ಅಪ್ಪನದು ಎಂದೆ. "ರೊಟ್ಟೀನೂ ಅಪ್ಪಂದೇ. ಬಾ, ಉಣ್ಣು." ಅವ್ವನಿಗೆ ಸಿದ್ಧಾಂತ ತಿಳಿಯುವುದಿಲ್ಲ. ರೊಟ್ಟಿಯ ಜೋಡಿ ಪುಂಡಿಪಲ್ಯ ಇತ್ತು.

ಇಂದು ನಮ್ಮ ತರುಣ ಸಂಘದ ಪರವಾಗಿ ಬೀದರದ ಕಚೇರಿಗೆ ಅರ್ಜಿ ಕಳಿಸಿದೆ. ಈ ಹೆಸರನ್ನು ಸರ್ಕಾರ ರದ್ದು ಮಾಡಬೇಕು. ಯಾರು, ಯಾವಾಗ, ಯಾಕೆ ಈ ಹೆಸರು ಇಟ್ಟುಕೊಂಡರು ಎಂದು ವಿಚಾರಣೆ ನಡೆಸಬೇಕು. ಜೊತೆಗೆ ಒಂದು ಕರಪತ್ರ ಬರೆಯುತ್ತೇನೆ: 'ಒಂದು ಗುಲಾಮ ಹೆಸರಿನ ಉಗಮ, ಅರ್ಥ ಮತ್ತು ಪ್ರಸಾರ.' ಮೂರು ಅಧ್ಯಾಯ. ಅರ್ಜಿ ಟಪಾಲಿಗೆ ಹೋಯಿತು. ಇನ್ನು ಸಂಶೋಧನೆ ಆರಂಭಿಸಬೇಕು.

೬ ಫೆಬ್ರವರಿ, ರವಿವಾರ

ಸೈಕಲ್ ಮೇಲೆ ಧನಗರವಾಡಿಗೆ ಹೋಗಿ ಬಂದೆ. ಅಧ್ಯಾಯ ಒಂದು, ಉಗಮ.

ಧೊಂಡಿಬಾ ವಾಡಿಯ ಹಿರಿಯ. ನಮ್ಮ ಅಪ್ಪನ ಅಂಗಡಿಗೆ ಕಂಬಳಿ ತಂದು ಹಾಕುವವನು. ಬೇವಿನ ಗಿಡದ ಕೆಳಗೆ ಉಣ್ಣೆ ನೂಲುತ್ತ ಕುಳಿತಿದ್ದ.

"ಮುತ್ಯಾ, ಈ ಹೆಸರನ್ನು ಸಾಹೇಬ ನಿಮ್ಮ ಮೇಲೆ ಹೇಗೆ ಹೇರಿದ?"

"ಯಾರು ಹೇರ್ಯಾರ್ರಿ ಸಣ್ಣ ಸಾವಕಾರ್ರ? ನಾವೇ ತಗೊಂಡಿವಿ. ನಮ್ಮ ಅಜ್ಜನ ಕಾಲಕ್ಕ ಆ ಸಾಹೇಬ ಉಣ್ಣಿ ಕೊಳ್ಳಾಕ ಬರ್ತಿದ್ನಂತ. ಕುದುರಿ ಮ್ಯಾಲ ಕುಂತು ಕುರಿ ಎಣಸ್ತಿದ್ದ, ಅರ್ಧಾ ಎಣಿಸೂದ್ರಾಗ ನಿದ್ದಿ ಹತ್ತತಿತ್ತು. ನಿಜಾಮನ ಜವಾನ ಮೇವಿನ ಪಟ್ಟಿ ವಸೂಲಿಗಿ ಬಂದು, ಕುರಿ ಯಾರವು ಅಂತಿದ್ದ. ಶಿಪಶಂಕ್ ಸಾಹೇಬವು ಅಂತಿದ್ರು ನಮ್ಮವರು. ಸಲಾಮು ಹೊಡದು ಹೋಗ್ತಿದ್ದ."

"ಎಷ್ಟು ವರ್ಷ ಬಂದ ಆ ಸಾಹೇಬ?"

"ಎರಡು ವರ್ಷ."

"ಪಟ್ಟಿ ಎಷ್ಟು ವರ್ಷ ಕೊಡಲಿಲ್ಲ?"

"ಅದನ್ನ ಯಾಕ ಕೇಳ್ತೀರಿ ಬಿಡ್ರಿ. ಹೆಸರು ಆವಾಗಿಂದ ಅದ." ಸುತ್ತ ಕುಳಿತವರು ನಕ್ಕರು.

ಶೋಷಿತ ಜನತೆ ತನ್ನ ಶೋಷಣೆಯನ್ನು ನೆನಪಿಡುವುದಿಲ್ಲ. ಕರಪತ್ರಕ್ಕೆ 'ಸಾಮ್ರಾಜ್ಯಶಾಹಿಯ ಬಲವಂತ' ಎಂದು ಬರೆದುಕೊಂಡೆ.

ಆರು ಮನೆ ಎಂದು ತಿಳಿದಿದ್ದೆ. ಏಳು ಇವೆ. ಕೊನೆಯ ಗುಡಿಸಲಲ್ಲಿ ಒಬ್ಬ ಬಿಲ್ಲು ಮಿಡಿದು ಉಣ್ಣೆ ಹಿಂಜುತ್ತಿದ್ದ. ಹೆಸರು ಕೇಳಿದೆ. ಅವನು ಧೊಂಡಿಬಾನ ಮುಖ ನೋಡಿದ. ಧೊಂಡಿಬಾನೇ ಹೇಳಿದ, "ಯಾಕೂಬ. ಯಾಕೂಬ ಶಿಪಶಂಕ್." ಆ ಪಿಂಜಾರನ ಹೆಂಡತಿ ಒಳಗೆ ಹೋಗಿ ತಟ್ಟಿಬಾಗಿಲು ಎಳೆದುಕೊಂಡಳು. ಸಂಶೋಧಕರ ಮುಂದೆ ಬಡವರಿಗೆ ಸಂಕೋಚ ಸಹಜ. ಪ್ರಸಾರದ ಅಧ್ಯಾಯಕ್ಕೆ ಬರೆದುಕೊಂಡೆ: ಒಂದು ಮುಸಲ್ಮಾನ ಮನೆಗೂ ಹಬ್ಬಿದೆ, ಈ ರೋಗ ಜಾತಿ ಧರ್ಮ ನೋಡುವುದಿಲ್ಲ.

೧೨ ಫೆಬ್ರವರಿ, ಶನಿವಾರ. ಬೀದರ

ಅಧ್ಯಾಯ ಎರಡು, ಅರ್ಥ. ಬೆಳಗಿನ ಗಾಡಿ ಹಿಡಿದು ಅಬ್ದುಲ ಮಜೀದ ಮಾಸ್ತರರ ಮನೆಗೆ ಬಂದೆ. ಮೊದಲು ಸಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಈಗ ಹಳೆಯ ಮದರಸಾದ ಹಿಂದಿನ ಓಣಿ ಬಿಟ್ಟು ಹೊರಗೆ ಬರುವುದಿಲ್ಲ. ಬಾಗಿಲು ಬಡಿದರೆ ಬಹಳ ಹೊತ್ತು ತೆಗೆಯಲಿಲ್ಲ. ಭಾಲ್ಕಿಯ ಕಂಬಳಿ ಶಿವರಾಜಪ್ಪನವರ ಮಗ ಎಂದು ಕೂಗಿ ಹೇಳಿದ ಮೇಲೆ ತೆಗೆದರು.

"ಇಂಗ್ಲಿಷ್ ಹೆಸರಿನ ಅರ್ಥ ಕೇಳಾಕ ಬಂದಿಯಾ? ಯಾ ಅಲ್ಲಾ! ನಾ ಏನೋ ಬ್ಯಾರೆ ಕೇಳಾಕ ಬಂದಾರ ಅಂದ್ಕೊಂಡೆ." ನಗುತ್ತ ದಪ್ಪ ನಿಘಂಟು ತೆಗೆದರು. "ಶೀಪ್ ಅಂದ್ರ ಕುರಿ. ಶ್ಯಾಂಕ್ ಅಂದ್ರ ಮೊಣಕಾಲ ಕೆಳಗಿನ ಕಾಲು. ಇಂಗ್ಲಂಡದ ಉತ್ತರದ ಕಡಿ ಹೆಸರು, ಭಾಳ ಮಂದಿಗಿಲ್ಲ. ಯಾವನದೋ ಕಾಲು ಸಣಕಲಿದ್ದಾವು, ಊರವರು ಕುರಿಕಾಲ ಅಂದಿರಬೇಕು. ಮಕ್ಕಳು ಮೊಮ್ಮಕ್ಕಳು ಹೊತ್ಕೊಂಡು ತಿರುಗ್ಯಾರ."

"ದೊರೆ, ಸಿಂಹ, ಕತ್ತಿ... ಅಂಥದ್ದೇನೂ ಇಲ್ಲವೇ ಮಾಸ್ತರ?"

"ಇಲ್ಲ ಬೇಟಾ. ಕುರಿ ಕಾಲು. ಕುದಿಸಿ ಪಾಯಾ ಸಾರು ಮಾಡಬಹುದು, ಅಷ್ಟೇ."

ಮೊದಲು ನಿರಾಶೆಯಾಯಿತು. ಆಮೇಲೆ ಹೊಳೆಯಿತು. ಒಬ್ಬ ಬಿಳಿಯನ ಸಣಕಲು ಕಾಲಿನ ಅಪಹಾಸ್ಯವನ್ನು ನಮ್ಮ ಜನ ತಲೆಯ ಮೇಲೆ ಹೊತ್ತಿದ್ದಾರೆ! ಇದು ತಿಳಿದರೆ ನಾಚಿಕೆಯಿಂದಲೇ ಕಿತ್ತೆಸೆಯುತ್ತಾರೆ.

ಹೊರಡುವಾಗ ಮಾಸ್ತರು ಕೇಳಿದರು, "ಆ ಹೆಸರು ಕಿತ್ತ ಮ್ಯಾಲ ಅವರಿಗೆ ಯಾವ ಹೆಸರು ಕೊಡ್ತಿ?"

"ಯಾವುದೂ ಬೇಡ. ಬರೇ ಮನುಷ್ಯರು."

"ಹೋದ ಸಪ್ಟೆಂಬರಿನಾಗ ನಾವು ಹಂಗೇ ಹೇಳಿ ನೋಡಿದಿವಿ. ನಡೀಲಿಲ್ಲ," ಎಂದು ಒಳಗಿನಿಂದ ಚಿಲಕ ಹಾಕಿಕೊಂಡರು.

ಮಾಸ್ತರರಿಗೆ ವಯಸ್ಸಾಗಿದೆ.

೨೦ ಫೆಬ್ರವರಿ, ರವಿವಾರ

ಧನಗರವಾಡಿಯಲ್ಲಿ ಸಭೆ ನಡೆಸಿದೆ. ಒಂದು ತಾಸು ಮಾತಾಡಿದೆ. ಸಾಮ್ರಾಜ್ಯಶಾಹಿ, ಊಳಿಗಮಾನ್ಯ ವ್ಯವಸ್ಥೆ, ಸ್ವಾಭಿಮಾನ. ಕೊನೆಗೆ ಮುಷ್ಟಿ ಎತ್ತಿ, "ನೀವು ಹೊತ್ತಿರುವ ಹೆಸರಿನ ಅರ್ಥವೇನು ಗೊತ್ತೇ? ಕುರಿಯ ಕಾಲು!" ಎಂದೆ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅದೇ ನಾನು ಬಯಸಿದ ನಾಚಿಕೆ ಎಂದುಕೊಂಡೆ.

"ಕುರಿ ಕಾಲಾ?" ಹೀರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯ, ಹಂಗಾದ್ರ ಇದು ನಮ್ಮದs ಹೆಸರು!"

"ನಾ ಹೇಳಿದ್ದಿಲ್ಲ? ನಮ್ಮ ಅಜ್ಜಗ ಇಂಗ್ಲಿಷ್ ತಿಳೀತಿತ್ತು," ಎಂದ ಧೊಂಡಿಬಾ. ಅವನ ಅಜ್ಜನಿಗೆ ಮರಾಠಿಯೂ ನೆಟ್ಟಗೆ ಬರುತ್ತಿರಲಿಲ್ಲ ಎಂದು ಯಾರೋ ಅಂದರು. "ಆ ಸಾಹೇಬನೂ ಕುರಬನೇ ಇರಬೇಕು ಬಿಡ್ರಿ, ಹೊಟ್ಟಿಗಿಲ್ಲದ ಈ ಕಡಿ ಬಂದಿದ್ದ" ಎಂದು ಇನ್ನೊಬ್ಬ. ಹಲಬರ್ಗಾದಿಂದ ಬೀಗತನಕ್ಕೆ ಬಂದಿದ್ದ ಇಬ್ಬರು, ಈ ಹೆಸರು ತಮಗೂ ಸಿಗುವುದೋ ಹ್ಯಾಂಗ ಎಂದು ನನ್ನನ್ನೇ ಕೇಳಿದರು.

ನಗದವರು ಇಬ್ಬರೇ. ಯಾಕೂಬ ಮತ್ತು ಅವನ ಹೆಂಡತಿ.

೨೨ ಫೆಬ್ರವರಿ

ಅಪ್ಪ ಅಂಗಡಿಗೆ ಹೊಸ ಹಲಗೆ ಬರೆಸಿದ್ದಾರೆ: 'ಅಸಲಿ ಶಿಪಶಂಕ್ ಕಂಬಳಿ ಇಲ್ಲಿ ಸಿಗುತ್ತದೆ.' ನನ್ನ ಭಾಷಣದಿಂದ ಗಿರಾಕಿ ಹೆಚ್ಚಾಗಿದ್ದಾರಂತೆ. ಇಂದು ಬೇರೇನೂ ಬರೆಯಲಾರೆ.

೨ ಮಾರ್ಚ್, ಬುಧವಾರ

ಬೆಳಿಗ್ಗೆ ಸಂತೋಷದ ದಿನವಾಗಿತ್ತು. ಬೀದರದಿಂದ ಹುಕುಂ ಬಂತು. ಸರ್ಕಾರ ನನ್ನ ಅರ್ಜಿಯನ್ನು ಓದಿದೆ! ವಾಡಿಯಲ್ಲಿ ಕಚೇರಿಯವರೇ ಡಂಗುರವನ್ನೂ ಸಾರಿಸಿದ್ದಾರೆ. ಶುಕ್ರವಾರ, ಹದಿನೆಂಟನೆಯ ತಾರೀಖು, ಹತ್ತೂವರೆಗೆ ಶಿಪಶಂಕ್ ಹೆಸರಿನವರೆಲ್ಲ ಕಚೇರಿಯಲ್ಲಿ ಹಾಜರಾಗಬೇಕು. ಸಪ್ಟೆಂಬರಿಗೆ ಮೊದಲಿನಿಂದ ಈ ಹೆಸರಿದ್ದವರು ಅದನ್ನು ಇಟ್ಟುಕೊಳ್ಳಬಹುದು. ಆಮೇಲೆ ಇಟ್ಟುಕೊಂಡವರು ಹೆಸರು ಮರೆಸಿದ ರಜಾಕಾರರು ಎಂಬ ಸಂಶಯವಿರುವುದರಿಂದ ಅವರನ್ನು ಪೊಲೀಸರಿಗೆ ಒಪ್ಪಿಸಲಾಗುವುದು. ಅರ್ಜಿದಾರನೂ ಹಾಜರಿರತಕ್ಕದ್ದು.

ನಾನು ಕೇಳಿದ್ದು ಇದಲ್ಲ. ಹೆಸರು ರದ್ದಾಗಲಿ ಎಂದು ಕೇಳಿದೆ. ಅವರು ಹೆಸರನ್ನು ಬಿಟ್ಟು ಮನುಷ್ಯರನ್ನು ಹಿಡಿಯಲು ಹೊರಟಿದ್ದಾರೆ. ಗುಮಾಸ್ತರಿಗೆ ಕನ್ನಡ ಓದಲು ಬರುವುದಿಲ್ಲವೆಂದು ಕಾಣುತ್ತದೆ.

ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬನೇ ಇದ್ದೆ. ಪಿಂಜಾರನ ಹೆಂಡತಿ ಬಂದಳು. ಹೆಸರು ರಹೀಮುನ್ನಿಸಾ. ಕಂಬಳಿಗಳ ಹಿಂದೆ ನೆಲದ ಮೇಲೆ ಕುಳಿತು, ಬಾಗಿಲ ಕಡೆ ನೋಡುತ್ತ ಮಾತಾಡಿದಳು.

"ನಾವು ಔರಾದದವರ್ರಿ ಅಣ್ಣಾರ. ಫೌಜು ಬಂದು ಹೋದ ಮ್ಯಾಲ ಮಂದಿ ಕೊಡಲಿ ಹಿಡಕೊಂಡು ಓಣಿ ಹೊಕ್ಕರು. ನನ್ನ ಮೈದುನ ಸಿಕ್ಕ. ನಾವು ಜೋಳದ ಹೊಲದಾಗ ಬಗ್ಗಿ ಬಗ್ಗಿ ನಡದಿವಿ. ಇವರು ಉಣ್ಣಿ ಹಿಂಜಾಕ ಒಮ್ಮೊಮ್ಮೆ ಈ ಕಡಿ ಬರ್ತಿದ್ರು, ಧೊಂಡಿಬಾ ಕಾಕಾನ ಗುರ್ತಿತ್ತು. ಕಾಕಾ ಕಂಬಳಿ ಹೊಚ್ಚಿ ಕುರಿ ನಡುವ ಕುಂಡ್ರಿಸಿದ. ಬೆನ್ನು ಹತ್ತಿ ಬಂದವರು 'ಯಾರಂವ?' ಅಂದ್ರು. 'ಇವ ಶಿಪಶಂಕ್' ಅಂದ. ಕಿರಸ್ತಾನ ಅಂತ ತಿಳದು ಹೋದ್ರು."

ಮಡಿಸಿದ್ದ ಕಂಬಳಿಯನ್ನೇ ನಾನು ಮತ್ತೆ ಮಡಿಸಿದೆ; ಅವಳು ಮುಂದುವರಿಸಿದಳು.

"ಧನಗರ ಮಂದ್ಯಾಗ ಒಂದು ಪದ್ಧತಿ ಅದರಿ. ದಾರಿ ತಪ್ಪಿದ ಕುರಿ ಸಂಜೀಗಿ ಬಂದು ಹಿಂಡಿನಾಗ ಕೂಡಿದ್ರ ಹೊರಗ ಹಾಕಂಗಿಲ್ಲ. ಮುಂಜಾನೆ ತಮ್ಮ ಕೆಮ್ಮಣ್ಣಿನ ಗುರ್ತು ಹಚ್ಚತಾರ. ಹಂಗs ನಮಗ ಹೆಸರು ಹಚ್ಚ್ಯಾರ. ಈಗ ನೀವು ಅದನ್ನ ತೊಳೀಬೇಕಂತೀರಿ."

ಸತ್ಯವನ್ನು ಹೇಳಿಬಿಡಿ, ಇದು ಜನರ ಸರ್ಕಾರ, ನಿರಪರಾಧಿಗೆ ಹೆದರಿಕೆಯಿಲ್ಲ ಎಂದೆ.

"ನಮ್ಮ ಮನಿ ಹಿಡಕೊಂಡು ಕುಂತಂವ, ಇವರು ರಜಾಕಾರ ಇದ್ರು ಅಂತ ಠಾಣ್ಯಾಗ ಹೇಳ್ಯಾನರಿ. ಇವರು ಜೈಲಿನಾಗಿದ್ರ ಮನಿ ಅವಂದು. ಸತ್ಯ ನೀವು ಹೇಳ್ರಿ ಅಣ್ಣಾರ. ನಿಮಗ ಯಾರೂ ಏನೂ ಮಾಡಂಗಿಲ್ಲ."

ಹೋದಳು. ಇದು ಭಾವನಾತ್ಮಕ ವಾದ. ಹೇಳಿದವರ ಮಾತನ್ನು ಪರೀಕ್ಷಿಸದೆ ನಂಬುವುದು ವೈಜ್ಞಾನಿಕವಲ್ಲ. ಔರಾದಕ್ಕೆ ಹೋಗಿ ಪರೀಕ್ಷಿಸುತ್ತೇನೆ.

೫ ಮಾರ್ಚ್, ಶನಿವಾರ. ಔರಾದ

ಪಿಂಜಾರನ ಮನೆ ಯಾವುದೆಂದು ಬಾವಿಯ ಹತ್ತಿರ ಜನಾಬಾಯಿ ಎಂಬ ಮುದುಕಿಯನ್ನು ಕೇಳಿದೆ.

"ಯಾಕೂಬಂದಾ? ಅವ ಎಲ್ಲದಾನಪ್ಪ? ಜೀವಂತ ಅದಾನ?"

"ಅವನು ರಜಾಕಾರನಾಗಿದ್ದನೇ, ಆಯಿ?"

ಕೊಡ ಕೆಳಗಿಟ್ಟು ನಕ್ಕಳು. "ಅವನಾ? ರಜಾಕಾರರು ಬಂದು ನಾಕು ಗಾದಿ ಹಿಂಜಿಸಿಕೊಂಡು ರೊಕ್ಕಾ ಕೊಡಲಾರದs ಹೋದ್ರು. ಅವರ ಮುಂದ ಜೀ ಹುಜೂರ್ ಅಂದ, ಅವರು ಹೋದ ಮ್ಯಾಲ ಒಂದು ವಾರ ಬೈದ. ನಾವು ಬ್ಯಾಸತ್ತು, ಸಾಕು ಬಿಡೋ ಅಂದಿವಿ."

"ಇದನ್ನು ಕಚೇರಿಗೆ ಬಂದು ಹೇಳುತ್ತೀಯಾ?"

ನಗು ನಿಂತಿತು. "ಆ ಮನಿ ಈಗ ನನ್ನ ಭಾವನ ಮಗಂದು. ನಾ ಇಲ್ಲೇ ಬಾಳ್ವಿ ಮಾಡಬೇಕಪಾ." ಮನೆಯ ಕಡೆ ಬೆರಳು ತೋರಿಸಿ, ಕೊಡ ಎತ್ತಿಕೊಂಡು ಹೋದಳು.

ಆ ಮನೆ ನನಗೆ ಗೊತ್ತಿದೆ. ಕಲ್ಲಿನ ಕಟ್ಟೆ, ನೀಲಿ ಬಾಗಿಲು. ಬಾಗಿಲ ಮೇಲೆ 'ತರುಣ ಸಂಘ, ಔರಾದ ಶಾಖೆ' ಎಂಬ ಹಲಗೆ. ದಶಂಬರದಲ್ಲಿ ಅದೇ ಕಟ್ಟೆಯ ಮೇಲೆ ನಿಂತು ನಾನು ಖಾಸಗಿ ಆಸ್ತಿಯ ವಿರುದ್ಧ ಮಾತಾಡಿದ್ದೆ. ಬಹಳ ಚಪ್ಪಾಳೆ ಬಿದ್ದಿತ್ತು.

ಒಳಗಿನಿಂದ ಜನಾಬಾಯಿಯ ಭಾವನ ಮಗ, ನಮ್ಮ ಶಾಖೆಯ ಕಾರ್ಯದರ್ಶಿ ಹಣಮಂತಪ್ಪ ಓಡಿ ಬಂದು ಕೈ ಹಿಡಿದ. ಚಹಾ ತರಿಸಿದ. "ಹಾವಗೆಪ್ಪನವರs, ನಿಮ್ಮ ಅರ್ಜಿ ಸುದ್ದಿ ಕೇಳಿ ಭಾಳ ಖುಷಿ ಆತು. ನಮ್ಮೂರ ಪಿಂಜಾರನೊಬ್ಬ ಆ ವಾಡ್ಯಾಗ ಹೆಸರು ಮರಸಿ ಕುಂತಾನ ಅಂತ ಗುಮಾನಿ ಅದ. ಹದಿನೆಂಟಕ್ಕ ನಾನೂ ಬರ್ತೇನಿ. ಗುರ್ತು ಹಿಡೀತೇನಿ."

ಒಳಗಿನ ಗೋಡೆಗೆ ಒಂದು ಬಿಲ್ಲು ತೂಗುಹಾಕಿತ್ತು. ಹತ್ತಿ ಹಿಂಜುವ ಬಿಲ್ಲು. ತಂತಿ ಇರಲಿಲ್ಲ. ಅದಕ್ಕೆ ಒಗೆದ ಅಂಗಿ ಒಣಹಾಕಿದ್ದರು.

ಚಹಾ ಕುಡಿಯಲಿಲ್ಲ.

೭ ಮಾರ್ಚ್

ಪ್ರಸಾರದ ಅಧ್ಯಾಯ ಬರೆಯಲು ಕುಳಿತೆ. ಬರೆಯಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ಎಂದಳು.

೯ ಮಾರ್ಚ್, ಬುಧವಾರ. ಬೀದರ

ಅರ್ಜಿ ವಾಪಸ್ ತೆಗೆದುಕೊಳ್ಳಲು ಕಚೇರಿಗೆ ಹೋದೆ. ಗುಮಾಸ್ತ ಎಲೆ ಅಡಿಕೆ ಅಗಿಯುತ್ತ ಕೇಳಿದ, "ನೀವು ಯಾರು?"

"ಹಾವಗೆಪ್ಪ."

"ಯಾವ ಹಾವಗೆಪ್ಪ? ಭಾಲ್ಕ್ಯಾಗ ನೂರು ಮಂದಿ ಹಾವಗೆಪ್ಪ ಅದಾರ."

ಹಿಂದೆ ಸಾಲು ಬೆಳೆಯುತ್ತಿತ್ತು. "ಹಾವಗೆಪ್ಪ ಬಿರಾದಾರ" ಎಂದೆ. ಕೂಡಲೇ ಕುರ್ಚಿ ಕೊಟ್ಟ.

"ವಾಪಸ್ ಆಗಂಗಿಲ್ಲರಿ ಬಿರಾದಾರ್ರ. ಹೊಸ ಸಾಹೇಬರಿಗೆ ನಿಮ್ಮ ಅರ್ಜಿ ಭಾಳ ಹಿಡಿಸೇದ. ಇಂಥ ತರುಣರು ಬೇಕು ಅಂದ್ರು. ಹದಿನೆಂಟಕ್ಕ ನಿಮ್ಮನ್ನs ಮೊದಲು ಕೇಳ್ತಾರ. ನೀವು ಹೌದಂದವರು ಹೌದು, ಅಲ್ಲಂದವರು ಅಲ್ಲ."

ಹಿಂದೆ ಯಾರೂ ನನ್ನ ಮಾತನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಎರಡು ವರ್ಷಗಳಿಂದ ಇದನ್ನೇ ಬಯಸಿದ್ದೆ.

೧೪ ಮಾರ್ಚ್, ಸೋಮವಾರ

ಹೋಳಿ ಹುಣ್ಣಿಮೆ. ವಾಡಿಗೆ ಹೋಗಿದ್ದೆ. ಕರೆದಿರಲಿಲ್ಲ. ಹೀರಾಬಾಯಿ ಹೋಳಿಗೆ ಕೊಟ್ಟಳು, "ಕುರಿ ಕಾಲ ಸಾವಕಾರ್ರು ಬಂದ್ರು" ಎಂದು ಒಳಗೆ ಕೂಗಿದಳು. ಅಲ್ಲಿ ಈಗ ನನ್ನ ಹೆಸರು ಅದೇ.

ಔರಾದದಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಹಣಮಂತಪ್ಪ ಬಂದು ಗುರುತು ಹಿಡಿಯುತ್ತಾನೆ ಎಂಬುದನ್ನೂ ಹೇಳಿದೆ. ಇಂದೇ ರಾಜ್ಯ ಬಿಟ್ಟು ಸೊಲ್ಲಾಪುರದ ಕಡೆ ಹೋಗಿಬಿಡಿ, ಗಾಡಿಯ ಖರ್ಚು ನಾನು ಕೊಡುತ್ತೇನೆ ಎಂದೆ.

ಯಾಕೂಬ ಮೊದಲ ಸಲ ನನ್ನೊಡನೆ ಮಾತಾಡಿದ. "ಓಡಿದ್ರ ಹೌದಂದಂಗ ಆಗ್ತದರಿ. ಮತ್ತ ಈ ಮಂದಿಗಿ ತ್ರಾಸು. ಕಳ್ಳನ್ನ ಇಟ್ಕೊಂಡಿದ್ರು ಅಂತಾರ."

"ಓಡೂದು ಬ್ಯಾಡ," ಎಂದ ಧೊಂಡಿಬಾ. "ನಮ್ಮ ಮಂದ್ಯಾಗ ಕುರಿ ತಂಟೆ ಬಂದ್ರ ಏನ್ ಮಾಡ್ತೇವಿ ಗೊತ್ತದೇನ್ರಿ? ಇದು ನನ್ನ ಕುರಿ ಅಂತ ಇಬ್ಬರೂ ಅಂತಾರ. ಅವರ ಮಾತು ನಡ್ಯಂಗಿಲ್ಲ, ತನ್ನ ಕುರಿ ಅಂತ ಯಾರಾದ್ರೂ ಅಂತಾರ. ಹಿಂಡಿನ ಹೊರಗಿನಂವ ಬರಬೇಕು, ಅದ್ರಾಗೂ ಹಿಂಡಿನವರ ಜೋಡಿ ಜಗಳಾಡಿದಂವ. ಅವ ಕುರಿ ಬೆನ್ನ ಮ್ಯಾಲ ಕೈಯಿಟ್ಟು 'ಇದು ಇವರದೇ' ಅಂದ್ರ ತಂಟೆ ಮುಗೀತು. ವೈರಿ ಸಾಕ್ಷಿಗಿಂತ ಪಕ್ಕಾ ಸಾಕ್ಷಿ ಇಲ್ಲ."

"ಅಂದರೆ?"

"ನಮ್ಮ ಹೆಸರಿನ ಜೋಡಿ ನಿಮ್ಮಷ್ಟು ಜಗಳಾಡಿದವರು ಮತ್ತ್ಯಾರದಾರ್ರಿ?"

ಎಲ್ಲರೂ ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ.

"ಸಾಹೇಬರ ಮುಂದೆ ಆಣೆ ಮಾಡಿ ಸುಳ್ಳು ಹೇಳಬೇಕೇ? ಹಣಮಂತಪ್ಪ ನಮ್ಮ ಸಂಘದವನು. ಅವನು ಒಂದು ಹೇಳುತ್ತಾನೆ, ನಾನು ಒಂದು ಹೇಳಿದರೆ ನನ್ನನ್ನೂ ಒಳಗೆ ಹಾಕಬಹುದು."

"ಬ್ಯಾಡ ಬಿಡ್ರಿ ಕಾಕಾ," ಎಂದ ಯಾಕೂಬ. "ಅವರದು ಅವರಿಗಿ."

ರಹೀಮುನ್ನಿಸಾ ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. ನನ್ನ ಮುಖ ನೋಡಲಿಲ್ಲ. "ಹತ್ತೂವರಿಗಿ ಅಂತರಿ ಅಣ್ಣಾರ. ಬುತ್ತಿ ಎಷ್ಟು ಮಂದಿಗಿ ಕಟ್ಟಲಿ?"

ಇಲ್ಲಿ ಕೆಲವು ಅಂಶಗಳನ್ನು ಬರೆದಿಡಬೇಕು. ಒಂದು, ಈ ಹೆಸರನ್ನು ಸಾಹೇಬ ಕೊಡಲಿಲ್ಲ, ಜನರೇ ತೆಗೆದುಕೊಂಡರು. ಆದ್ದರಿಂದ ಇದು ಸಾಮ್ರಾಜ್ಯಶಾಹಿಯ ಹೆಸರಲ್ಲ, ಜನರ ಹೆಸರು. ನಾನು ಮೊದಲಿನಿಂದಲೂ ಇದನ್ನೇ ಹೇಳುತ್ತ ಬಂದಿದ್ದೇನೆ. ಇನ್ನು, ಜನರ ಹೆಸರನ್ನು ಯಾರಿಗೆ ಕೊಡಬೇಕು ಎಂಬುದನ್ನು ನಿರ್ಧರಿಸುವವರು ಜನ. ಕಚೇರಿಯಲ್ಲ, ಸಂಘವೂ ಅಲ್ಲ. ಯಾಕೂಬ ಹುಟ್ಟಿದಾಗಿನಿಂದ ಶಿಪಶಂಕ್ ಎಂದು ನಾನು ಹೇಳಿದರೆ ಅದು ಸುಳ್ಳಲ್ಲ, ತಂತ್ರ. ಕರಪತ್ರಗಳಲ್ಲಿ ಇದಕ್ಕೆ ಎಲ್ಲೋ ಆಧಾರವಿರಬೇಕು. ಹುಡುಕಲು ಈಗ ಸಮಯವಿಲ್ಲ.

"ನನ್ನನ್ನೂ ಹಿಡಿದು ಕಟ್ಟು, ಅಕ್ಕಾ," ಎಂದೆ.

ಧೊಂಡಿಬಾ ಬಿಡಲಿಲ್ಲ. "ಒಮ್ಮಿ ಕೈಯಿಟ್ಟು ಹೇಳಿ ನೋಡ್ರಿ. ಅಲ್ಲಿ ಹೋಗಿ ತೊದಲಬ್ಯಾಡ್ರಿ."

ಯಾಕೂಬ ನಾಚಿ ತಲೆ ತಗ್ಗಿಸಿ ನನ್ನ ಮುಂದೆ ಕುಳಿತ. ಹೆಂಗಸರು ನೋಡುತ್ತಿದ್ದರು. ಅವನ ಬೆನ್ನ ಮೇಲೆ ಕೈಯಿಟ್ಟೆ. ಅಂಗಿಗೆ ಉಣ್ಣೆಯ ಎಳೆಗಳು ಅಂಟಿದ್ದವು. "ಇವನು ಇವರವನೇ" ಎಂದೆ.

"ದನಿ ಸಾಲಂಗಿಲ್ಲ. ಇನ್ನೊಮ್ಮಿ," ಎಂದ ಮುತ್ಯಾ. ಇನ್ನೊಮ್ಮೆ ಹೇಳಿದೆ.

ಅವರು ಹಿಂದಿನ ದಿನವೇ ನಡೆದು ಹೊರಡುತ್ತಾರೆ. ನಾನು ಬೆಳಗಿನ ಗಾಡಿಗೆ. ಎಲ್ಲರೂ ಕೂಡುವುದು ಶುಕ್ರವಾರ, ಮಾರ್ಚ್ ಹದಿನೆಂಟು, ಬೆಳಿಗ್ಗೆ ಒಂಬತ್ತು ಗಂಟೆಗೆ, ಬೀದರದ ಚೌಬಾರಾ ಗೋಪುರದ ಕೆಳಗೆ.